ಕಾಲು ತೆಗೀಬೇಕು ಅಂದಾಗ: ಬೆಂಗಳೂರಿನ ಕೋಶ ಔಷಧದ ನಿಜ ಎಷ್ಟು, ಪ್ರಚಾರ ಎಷ್ಟು?

ಊರಿಂದ ಬರೋ ಫೋನ್‌ಗಳಲ್ಲಿ ಎರಡು ಥರ. ಮಳೆ ಬಂತು, ನಿಂಬೆ ರೇಟು ಬಿತ್ತು, ಯಾರದೋ ಮದುವೆ ಗೊತ್ತಾಯ್ತು ಅನ್ನೋದು ಒಂದು. ರಾತ್ರಿ ಹತ್ತರ ಮೇಲೆ ಬರೋದು ಇನ್ನೊಂದು. "ಕಾಕಾನ ಕಾಲಿನ ಹೆಬ್ಬಟ್ಟು ಕರ್ರಗಾಗೇದ. ಸೊಲ್ಲಾಪುರದಾಗ ತೋರಿಸೇವಿ, ಕಾಲ ತಗೀಬೇಕಂತಾರ. ಏನೋ ಸ್ಟೆಮ್ ಸೆಲ್ ಅಂತ ಬಂದದಂತಲ್ಲ, ನೀ ಬೆಂಗಳೂರಾಗೇ ಇದ್ದಿ, ಒಂದಿಷ್ಟು ಕೇಳಿ ನೋಡಪಾ."

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದು ಬೆಂಗಳೂರು, ಪುಣೆಯಲ್ಲಿ ಕೆಲಸ ಮಾಡ್ತಿರೋರಿಗೆ ಇಂಥ ಫೋನ್ ಹೊಸದಲ್ಲ. ಮನೆಯಲ್ಲಿ ಓದಿದವರು ನೀವು, ಹಾಗಾಗಿ ಹುಡುಕೋದೂ ನೀವೇ. ಮೊಬೈಲ್ ತೆಗೆದು ಹುಡುಕಿದರೆ ಹತ್ತು ನಿಮಿಷದಲ್ಲಿ ಇಪ್ಪತ್ತು ವಿಡಿಯೊ. ಅರ್ಧ ಜನ ಪವಾಡ ಅಂತಾರೆ, ಇನ್ನರ್ಧ ಜನ ಎಲ್ಲಾ ಬೋಗಸ್ ಅಂತಾರೆ. ಎರಡೂ ಸರಿಯಲ್ಲ. ನಮ್ಮ ರಾಜ್ಯದಲ್ಲೇ ತಯಾರಾದ, ಸರ್ಕಾರದ ಅನುಮತಿ ಇರುವ ಒಂದು ಕೋಶ ಔಷಧ ನಿಜಕ್ಕೂ ಇದೆ. ಅದು ಯಾರಿಗೆ, ಎಷ್ಟರ ಮಟ್ಟಿಗೆ ಅನ್ನೋದು ತಿಳ್ಕೊಂಡಿದ್ದರೆ ಆ ರಾತ್ರಿಯ ಫೋನ್‌ಗೆ ಉತ್ತರ ಕೊಡೋಕೆ ಸಾಧ್ಯ.

ಟೇಲ್ ಎಂಡ್ ಸಮಸ್ಯೆ

ಇಂಡಿ ಕಡೆಯವರಿಗೆ ರಕ್ತನಾಳದ ವಿಷಯ ಹೇಳೋದು ಸುಲಭ. ನಾರಾಯಣಪುರ ಎಡದಂಡೆ ಕಾಲುವೆ ಗೊತ್ತಿದೆ, ಅದರಿಂದ ಬರುವ ಇಂಡಿ ಶಾಖಾ ಕಾಲುವೆ ಗೊತ್ತಿದೆ, ಅಲ್ಲಿಂದ ವಿತರಣಾ ಕಾಲುವೆ, ಕೊನೆಗೆ ಹೊಲಗಾಲುವೆ. ಡ್ಯಾಂ ತುಂಬಿದ್ದರೂ ಟೇಲ್ ಎಂಡ್ ರೈತನಿಗೆ ನೀರು ಮುಟ್ಟದೆ ಅವನು ಧರಣಿ ಕೂರೋದೂ ಗೊತ್ತಿದೆ. ಹೃದಯ ಡ್ಯಾಂ ಅಂದ್ಕೊಂಡರೆ ಕಾಲಿನ ಬೆರಳು ಟೇಲ್ ಎಂಡ್.

ದೊಡ್ಡ ಕಾಲುವೆಯಲ್ಲಿ ಹೂಳು ತುಂಬಿದರೆ ಡಾಕ್ಟರ ಹತ್ತಿರ ಉಪಾಯ ಇದೆ. ಬಲೂನು ಹಾಕಿ ಹಿಗ್ಗಿಸಬಹುದು, ಸ್ಟೆಂಟ್ ಕೂರಿಸಬಹುದು, ಬೇರೆ ನಾಳ ಜೋಡಿಸಿ ಬೈಪಾಸ್ ಮಾಡಬಹುದು. ಆದರೆ ಹೊಲಗಾಲುವೆಗಳೇ ಮುಚ್ಚಿಹೋಗಿದ್ದರೆ? ಬೈಪಾಸ್ ತಂದು ಜೋಡಿಸೋಕೆ ಆ ಕಡೆ ತುದಿಯಲ್ಲಿ ನಾಳವೇ ಇರೋಲ್ಲ. ಕಾಲು ತೆಗೀಬೇಕು ಅನ್ನೋ ಮಾತು ಬರೋದು ಹೆಚ್ಚಾಗಿ ಇಲ್ಲೇ.

ಈ ಕಾಯಿಲೆ ಒಂದೇ ದಿನ ಬರಲ್ಲ. ಮೊದಲು ನಡೆಯುವಾಗ ಮೀನಖಂಡ ಹಿಡ್ಕೊಂಡಂಗೆ ಆಗತ್ತೆ, ನಿಂತರೆ ಎರಡು ನಿಮಿಷದಲ್ಲಿ ಹೋಗತ್ತೆ. ಆಮೇಲೆ ನಡೆಯೋ ದೂರ ಕಮ್ಮಿಯಾಗ್ತಾ ಬರತ್ತೆ. ಬಸ್ ಸ್ಟ್ಯಾಂಡಿನ ತನಕ ನಡೀತಿದ್ದ ಮನುಷ್ಯ ಗುಡಿಯ ತನಕ, ಆಮೇಲೆ ಅಂಗಳದ ತನಕ. ಇದನ್ನು ಊರಲ್ಲಿ ವಾತ ಅಂತಾರೆ, ನರ ಹಿಡಿದಿದೆ ಅಂತಾರೆ, ಎಣ್ಣೆ ತಿಕ್ಕುತಾರೆ. ಮುಂದಿನ ಹಂತದಲ್ಲಿ ಸುಮ್ಮನೆ ಮಲಗಿದ್ದರೂ ನೋವು. ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತರೆ ಸ್ವಲ್ಪ ಆರಾಮ. ಹಾಗೆ ಯಾರಾದರೂ ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂರ್ತಿದ್ದಾರೆ ಅಂತ ಮನೆಯವರು ಹೇಳಿದರೆ ಅದನ್ನ ಹಗುರವಾಗಿ ತಗೋಬೇಡಿ. ಕೊನೆಗೆ ಸಣ್ಣ ಗಾಯ ಮಾಯಲ್ಲ, ಬೆರಳು ಕಪ್ಪಾಗತ್ತೆ. ವೈದ್ಯರು ಇದಕ್ಕೆ ಕ್ರಿಟಿಕಲ್ ಲಿಂಬ್ ಇಸ್ಕೀಮಿಯಾ ಅಂತಾರೆ.

ಇಲ್ಲೊಂದು ಮಾತು ಹೇಳಿಬಿಡ್ತೀನಿ. ಕಾಲು ತಣ್ಣಗಿದೆ ಅಂತ ಬಿಸಿನೀರಿನ ಚೀಲ, ಕಾಯಿಸಿದ ಇಟ್ಟಿಗೆ ಇಟ್ಟು ಶಾಖ ಕೊಡೋ ರೂಢಿ ನಮ್ಮಲ್ಲಿದೆ. ರಕ್ತ ಹರಿಯದ ಕಾಲಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಹೋಗಿರುವ ಕಾಲಿಗೆ, ಅದು ಸುಟ್ಟದ್ದೂ ಗೊತ್ತಾಗಲ್ಲ, ಸುಟ್ಟ ಗಾಯ ಮಾಯೋದೂ ಇಲ್ಲ. ಅವ್ವನಿಗೆ ಇದನ್ನು ಇವತ್ತೇ ಫೋನ್ ಮಾಡಿ ಹೇಳಬಹುದು.

ಬೀಡಿ ಸೇದೋರ ಕಾಯಿಲೆ

ಕಾಲಿನ ನಾಳ ಮುಚ್ಚೋಕೆ ಎರಡು ಮುಖ್ಯ ದಾರಿ. ವಯಸ್ಸು, ಸಕ್ಕರೆ, ಬಿಪಿ, ಕೊಬ್ಬಿನಿಂದ ನಾಳದ ಗೋಡೆ ದಪ್ಪಗಾಗೋದು ಒಂದು. ಹೃದಯದಲ್ಲಿ ಆಗೋದೂ ಅದೇ. ಇನ್ನೊಂದು ಬರ್ಜರ್ ಕಾಯಿಲೆ. 1879ರಲ್ಲೇ ಫೆಲಿಕ್ಸ್ ಫಾನ್ ವಿನಿವಾರ್ಟರ್ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. 1908ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಲಿಯೊ ಬರ್ಜರ್, ಕತ್ತರಿಸಿ ತೆಗೆದ 11 ಕೈಕಾಲುಗಳನ್ನು ಪರೀಕ್ಷಿಸಿ ವಿವರವಾಗಿ ಬರೆದ ಮೇಲೆ ಅವರ ಹೆಸರೇ ನಿಂತಿತು.

ಇದರ ಕ್ರೂರತನ ಏನಂದರೆ ಇದು ಮುದುಕರ ಕಾಯಿಲೆ ಅಲ್ಲ. ಸಾಮಾನ್ಯವಾಗಿ 45–50 ವರ್ಷದೊಳಗಿನ ಗಂಡಸರಿಗೆ ಬರೋದು, ದುಡಿಯೋ ವಯಸ್ಸಿನಲ್ಲಿ. ಕೊಬ್ಬು ತುಂಬಿ ಅಲ್ಲ, ಸಣ್ಣ ಮತ್ತು ನಡುಗಾತ್ರದ ನಾಳಗಳಲ್ಲಿ ಉರಿಯೂತ ಆಗಿ, ಹೆಪ್ಪು ಕಟ್ಟಿ ಮುಚ್ಚಿಹೋಗತ್ತೆ. ಕೈಬೆರಳಿಗೂ ಬರಬಹುದು. ಈ ರೋಗಿಗಳಲ್ಲಿ ಬಹುತೇಕ ಎಲ್ಲರೂ ತಂಬಾಕು ಬಳಸುವವರೇ. ಸಿಗರೇಟು ಮಾತ್ರ ಅಲ್ಲ, ಬೀಡಿ ಕೂಡ, ಸುಣ್ಣ ಹಚ್ಚಿ ತಿಕ್ಕಿ ಬಾಯಿಗಿಡುವ ತಂಬಾಕು ಕೂಡ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಬೀಡಿ ಸೇದುವವರು 7.7%, ಸಿಗರೇಟು ಸೇದುವವರು 4%. ಅಂದರೆ ಈ ಕಾಯಿಲೆ ಹೆಚ್ಚಾಗಿ ಯಾರ ಮನೆ ಬಾಗಿಲು ತಟ್ಟತ್ತೆ ಅಂತ ಊಹಿಸೋದು ಕಷ್ಟ ಅಲ್ಲ: ಕಬ್ಬು ಕಡಿಯುವವನು, ಗೌಂಡಿ ಕೆಲಸದವನು, ಗೋವಾಕ್ಕೋ ಮುಂಬೈಗೋ ದುಡಿಯೋಕೆ ಹೋದವನು. ಕಾಲೇ ಬಂಡವಾಳ ಆದವನು.

ಬೀಜ ಅಲ್ಲ, ಸಸಿ

1997ರ ತನಕ ವಿಜ್ಞಾನಿಗಳ ನಂಬಿಕೆ ಏನಿತ್ತಂದರೆ, ಹೊಸ ರಕ್ತನಾಳ ಬರೀ ಹಳೆ ನಾಳದಿಂದ ಟಿಸಿಲೊಡೆದು ಹುಟ್ಟತ್ತೆ, ದೊಡ್ಡವರ ದೇಹದಲ್ಲಿ ಹೊಸದಾಗಿ ಕಟ್ಟೋ ಕೋಶಗಳು ಇಲ್ಲ. ಆ ವರ್ಷ ಬಾಸ್ಟನ್ನಿನಲ್ಲಿ ತಕಾಯುಕಿ ಅಸಾಹರಾ, ಜೆಫ್ರಿ ಇಸ್ನರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬೇರೆಯದೇ ಮಾತು ಹೇಳಿದರು: ದೊಡ್ಡವರ ರಕ್ತದಲ್ಲೇ ಇಂಥ ಕೋಶಗಳು ತಿರುಗಾಡ್ತಿವೆ, ಗಾಯವಾದ ಜಾಗಕ್ಕೆ ಹೋಗಿ ನಾಳದ ಒಳಪದರದಲ್ಲಿ ಸೇರ್ಕೊಳ್ತವೆ. ಅವಕ್ಕೆ ಎಂಡೋಥೀಲಿಯಲ್ ಪ್ರೊಜೆನಿಟರ್ ಕೋಶ ಅಂತ ಹೆಸರಾಯ್ತು.

ಸ್ಟೆಮ್ ಸೆಲ್‌ಗೂ ಪ್ರೊಜೆನಿಟರ್‌ಗೂ ಏನು ವ್ಯತ್ಯಾಸ? ಸ್ಟೆಮ್ ಸೆಲ್ ಅಂದರೆ ಹಲವು ಗಿಡ ಆಗಬಲ್ಲ ಮಾಯದ ಬೀಜ ಅಂದ್ಕೊಳ್ಳಿ. ಪ್ರೊಜೆನಿಟರ್ ಅಂದರೆ ಸಸಿ. ಇಂಡಿ ನರ್ಸರಿಯಲ್ಲಿರೋ ನಿಂಬೆ ಸಸಿ ಇನ್ನೂ ಗಿಡ ಆಗಿಲ್ಲ, ಕಾಯಿ ಬಿಟ್ಟಿಲ್ಲ, ಆದರೆ ಅದು ಬೇವಿನ ಮರ ಅಂತೂ ಆಗಲ್ಲ. ಏನಾಗಬೇಕು ಅನ್ನೋದು ಮುಕ್ಕಾಲು ತೀರ್ಮಾನ ಆಗಿಬಿಟ್ಟಿದೆ.

ಅಲ್ಲಿಂದ ಮುಂದೆ ಜಗತ್ತೆಲ್ಲ ಓಡಿತು. 2002ರಲ್ಲಿ ಜಪಾನಿನ ತಂಡ ರೋಗಿಯ ಸ್ವಂತ ಮೂಳೆಮಜ್ಜೆಯ ಕೋಶ ತೆಗೆದು ಅವರದೇ ಕಾಲಿನ ಸ್ನಾಯುವಿಗೆ ಚುಚ್ಚಿ ಒಳ್ಳೆ ಫಲಿತಾಂಶ ಪ್ರಕಟಿಸಿತು. ಆದರೆ ಲ್ಯಾಬಿನಲ್ಲಿ ಆಳವಾಗಿ ನೋಡ್ತಾ ಹೋದ ಹಾಗೆ ಗೊಂದಲ ಶುರುವಾಯ್ತು. 2007ರ ಹೊತ್ತಿಗೆ ಇಂಡಿಯಾನಾ ವಿಶ್ವವಿದ್ಯಾಲಯದ ಮರ್ವಿನ್ ಯೋಡರ್ ತಂಡ, ಪ್ರೊಜೆನಿಟರ್ ಅಂತ ಹೆಸರಿಟ್ಟಿದ್ದ ಬಹುಪಾಲು ಕೋಶಗಳು ನಿಜಕ್ಕೆ ಬಿಳಿರಕ್ತಕಣದ ಬಳಗದವು, ನಾಳವಾಗಿ ಬೆಳೆಯೋ ಅಸಲಿ ಕೋಶಗಳು ತುಂಬಾ ಅಪರೂಪ ಅಂತ ತೋರಿಸಿತು.

ಹಾಗಾದರೆ ಪ್ರಯೋಗಗಳಲ್ಲಿ ಕೆಲವರಿಗೆ ಗುಣ ಕಂಡಿದ್ದು ಹೇಗೆ? ಇಟ್ಟಿಗೆ ಅಂದ್ಕೊಂಡಿದ್ದು ಮೇಸ್ತ್ರಿ ಅಂತ ಗೊತ್ತಾಯ್ತು. ಈ ಕೋಶಗಳಲ್ಲಿ ಹೆಚ್ಚಿನವು ತಾವೇ ಹೋಗಿ ನಾಳದ ಗೋಡೆಯಾಗಿ ಕೂರಲ್ಲ. ಸ್ವಲ್ಪ ದಿನ ಅಲ್ಲಿದ್ದು, ವಿಇಜಿಎಫ್‌ನಂಥ ರಾಸಾಯನಿಕ ಸಂದೇಶಗಳನ್ನು ಬಿಟ್ಟು, ಸುತ್ತಲಿನ ಸ್ಥಳೀಯ ಕೋಶಗಳಿಗೆ ಕೆಲಸ ಹಚ್ಚಿ, ಉರಿಯೂತ ತಗ್ಗಿಸಿ, ತಾವು ಹೊರಟುಹೋಗ್ತವೆ. ಮುಚ್ಚಿದ ಕಾಲುವೆ ಮುಚ್ಚೇ ಇರತ್ತೆ. ಅದರ ಪಕ್ಕ ಸಣ್ಣ ಸಣ್ಣ ಹೊಸ ದಾರಿ ಹುಟ್ಟಬೇಕು, ಅಷ್ಟೇ ಆಸೆ.

ಬೆಂಗಳೂರಿನ ಔಷಧ

ಸ್ಟೆಮ್‌ಪ್ಯೂಟಿಕ್ಸ್ ರಿಸರ್ಚ್ ಅನ್ನೋ ಕಂಪನಿ 2006ರಲ್ಲಿ ಮಣಿಪಾಲ ಸಮೂಹದಿಂದ ಬೆಂಗಳೂರಿನಲ್ಲಿ ಶುರುವಾಯ್ತು. 2009ರಲ್ಲಿ ಸಿಪ್ಲಾ ಕೈಜೋಡಿಸಿತು. ಇವರ ಔಷಧದ ಹೆಸರು ಸ್ಟೆಮ್‌ಪ್ಯೂಸೆಲ್. ಒಂದು ವಿಷಯ ಸ್ಪಷ್ಟ ಇರಲಿ: ಇದರಲ್ಲಿರೋದು ಅಸಾಹರಾ ಹುಡುಕಿದ ಪ್ರೊಜೆನಿಟರ್ ಕೋಶ ಅಲ್ಲ, ಅದರ ದಾಯಾದಿ ಅನ್ನಬಹುದಾದ ಮೆಸೆಂಕೈಮಲ್ ಸ್ಟ್ರೋಮಲ್ ಕೋಶ. ಮೇಸ್ತ್ರಿ ಕೆಲಸ ಇದರದ್ದು.

ಇದನ್ನು ತಯಾರಿಸೋ ಕ್ರಮ ಸ್ವಾರಸ್ಯದ್ದು. ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಕೋಶ ತೆಗೀತಾರೆ. ಒಬ್ಬರದಲ್ಲ, ಹಲವರದು. ದಾನಿಯಿಂದ ದಾನಿಗೆ ಕೋಶದ ಕಸುವು ಬೇರೆ ಬೇರೆ ಇರೋದರಿಂದ ಎಲ್ಲವನ್ನೂ ಕೂಡಿಸಿ ಬೆಳೆಸ್ತಾರೆ. ಐದಾರು ಹೊಲದ ಜೋಳ ಕೂಡಿಸಿ ಹಿಟ್ಟು ಮಾಡಿಸಿದರೆ ರೊಟ್ಟಿಯ ರುಚಿ ಪ್ರತಿ ಸಲ ಒಂದೇ ಥರ ಬರತ್ತಲ್ಲ, ಹಾಗೆ. ಬೆಳೆಸಿದ್ದನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಇಡ್ತಾರೆ, ಬೇಕಾದಾಗ ಆಸ್ಪತ್ರೆಗೆ ಕಳಿಸಿ, ಅಲ್ಲಿ ಕರಗಿಸಿ ಬಳಸ್ತಾರೆ. ಈ ಕೋಶಗಳನ್ನು ಬೇರೆಯವರ ದೇಹ ಸುಲಭಕ್ಕೆ ಪರಕೀಯ ಅಂತ ಗುರುತಿಸಲ್ಲ, ಹಾಗಾಗಿ ರಕ್ತದ ಗುಂಪು ಹೊಂದಿಸೋ ತಾಪತ್ರಯ ಇಲ್ಲ. ಮೀನಖಂಡದ ಸ್ನಾಯುವಿನಲ್ಲಿ ಹತ್ತಾರು ಕಡೆ, ಹುಣ್ಣಿದ್ದರೆ ಅದರ ಸುತ್ತ, ಸಣ್ಣ ಸಣ್ಣ ಚುಚ್ಚುಮದ್ದು.

ಮೊದಲು 20 ರೋಗಿಗಳ ಮೇಲೆ ಸುರಕ್ಷತೆಯ ಪ್ರಯೋಗ, 2013ರಲ್ಲಿ ಅದರ ವರದಿ. ಆಮೇಲೆ ಬರ್ಜರ್ ಕಾಯಿಲೆಯ 90 ರೋಗಿಗಳ ಪ್ರಯೋಗ, ವರದಿ ಬಂದಿದ್ದು 2017ರಲ್ಲಿ. 36 ಜನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 10 ಲಕ್ಷ ಕೋಶ, 36 ಜನಕ್ಕೆ 20 ಲಕ್ಷ, ಉಳಿದ 18 ಜನಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. 60 ಕಿಲೋ ತೂಗೋ ಮನುಷ್ಯನಿಗೆ ಲೆಕ್ಕ ಹಾಕಿದರೆ 6 ಕೋಟಿ ಅಥವಾ 12 ಕೋಟಿ ಕೋಶ! ಕೋಶ ಪಡೆದವರಲ್ಲಿ ಮಲಗಿದಾಗಿನ ನೋವು ಇಳಿಯೋದು, ಹುಣ್ಣು ಮಾಯೋದು ಚೆನ್ನಾಗಿ ಕಂಡಿತು.

2016ರಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಬರ್ಜರ್ ಕಾಯಿಲೆಗೆ ಷರತ್ತಿನ ಅನುಮತಿ ಕೊಟ್ಟರು. 2020ರಲ್ಲಿ ಅದು ವಿಸ್ತಾರವಾಗಿ, ಬರ್ಜರ್ ಜೊತೆಗೆ ಕೊಬ್ಬಿನಿಂದ ನಾಳ ಮುಚ್ಚಿ ಬಂದ ಕ್ರಿಟಿಕಲ್ ಲಿಂಬ್ ಇಸ್ಕೀಮಿಯಾಕ್ಕೂ ಅನುಮತಿ ಸಿಕ್ಕಿತು. ಮೊಣಕಾಲು ಸವೆತಕ್ಕೆ 2022ರಲ್ಲಿ ಸಿಕ್ಕ ಅನುಮತಿ ಬೇರೆಯೇ. "ಕಾಲಿಗೆ ಸ್ಟೆಮ್ ಸೆಲ್" ಅಂದಾಗ ಯಾವ ಕಾಲು ನೋವು ಅಂತ ಮೊದಲು ಕೇಳ್ಕೊಳ್ಳಿ. ಊರಲ್ಲಿ ಎರಡನ್ನೂ ಕಲಸಿ ಹೇಳ್ತಾರೆ.

ನನಗೆ ಇದು ಹೆಮ್ಮೆಯ ವಿಷಯವೇ. ಶ್ರೀಮಂತ ದೇಶದ ಕಂಪನಿಗಳು ತಲೆಕೆಡಿಸಿಕೊಳ್ಳದ ಬೀಡಿ ಸೇದೋರ ಕಾಯಿಲೆಗೆ ಇಲ್ಲಿಯ ಒಂದು ಕಂಪನಿ ಹತ್ತು ವರ್ಷ ಕೂತು ಕೆಲಸ ಮಾಡಿತು. ಆದರೆ ಹೆಮ್ಮೆ ಬೇರೆ, ಪುರಾವೆ ಬೇರೆ. 90 ಜನರ ಆ ಪ್ರಯೋಗದಲ್ಲಿ ಯಾರಿಗೆ ಯಾವ ಚಿಕಿತ್ಸೆ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಔಷಧ ಸಿಕ್ಕಿದೆಯೋ ಇಲ್ಲವೋ ಅಂತ ರೋಗಿಗೂ ಗೊತ್ತು, ವೈದ್ಯರಿಗೂ ಗೊತ್ತು.

ಅದರಿಂದ ಏನಾಗತ್ತೆ ಅಂತೀರಾ? ನೆದರ್ಲೆಂಡ್ಸ್‌ನಲ್ಲಿ ಜುವೆಂಟಾಸ್ ಅನ್ನೋ ಪ್ರಯೋಗ ನಡೀತು, 2015ರಲ್ಲಿ ಪ್ರಕಟವಾಯ್ತು. ಕಾಲಿಗೆ ರಕ್ತ ಹೋಗದ 160 ರೋಗಿಗಳು. ಅರ್ಧ ಜನಕ್ಕೆ ತೊಡೆಯ ಅಪಧಮನಿಯೊಳಗೆ ಅವರದೇ ಮೂಳೆಮಜ್ಜೆಯ ಕೋಶ, ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರೋ ಸುಳ್ಳು ಔಷಧ. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಆರು ತಿಂಗಳ ಮೇಲೆ ನೋಡಿದರೆ ಕಾಲು ಕಳ್ಕೊಂಡವರು ಕೋಶ ಪಡೆದವರಲ್ಲಿ 19%, ಸುಳ್ಳು ಔಷಧದವರಲ್ಲಿ 13%. ಲೆಕ್ಕಶಾಸ್ತ್ರದ ಪ್ರಕಾರ ಇಬ್ಬರಿಗೂ ವ್ಯತ್ಯಾಸ ಇಲ್ಲ. ಸೋಜಿಗ ಅಂದರೆ ಎರಡೂ ಗುಂಪಿನವರ ಸ್ಥಿತಿ ಸುಧಾರಿಸಿತ್ತು. ಒಳ್ಳೆ ಆಸ್ಪತ್ರೆ, ಗಾಯದ ಆರೈಕೆ, ಯಾರೋ ನನ್ನ ನೋಡ್ಕೊಳ್ತಿದ್ದಾರೆ ಅನ್ನೋ ಧೈರ್ಯ, ಇಷ್ಟೇ ಸೇರಿ ಅಷ್ಟು ಕೆಲಸ ಮಾಡಿತ್ತು. ಅಲ್ಲಿಯ ಕೋಶ ಬೇರೆ, ಕೊಟ್ಟ ದಾರಿ ಬೇರೆ, ರೋಗಿಗಳೂ ಬೇರೆ ಥರದವರು. ಹಾಗಾಗಿ ಬೆಂಗಳೂರಿನ ಔಷಧಕ್ಕೂ ಅದೇ ತೀರ್ಪು ಅನ್ನೋಕಾಗಲ್ಲ. ಆದರೆ "ನಮ್ಮ ಪೇಶಂಟಿಗೆ ನೋವು ಹೋಯ್ತು" ಅನ್ನೋ ವಿಡಿಯೊ ಏನನ್ನೂ ಸಾಬೀತು ಮಾಡಲ್ಲ ಅನ್ನೋದು ಇದರಿಂದ ಗೊತ್ತಾಗತ್ತೆ.

ಹೃದಯಕ್ಕೆ?

ಹಾರ್ಟ್ ಅಟ್ಯಾಕ್ ಆದವರ ಹೃದಯವನ್ನು ಕೋಶ ಹಾಕಿ ರಿಪೇರಿ ಮಾಡ್ತೀವಿ ಅನ್ನೋ ಜಾಹೀರಾತು ಕಂಡರೆ ಮುಂದಕ್ಕೆ ಸ್ಕ್ರೋಲ್ ಮಾಡಿ. 2006ರಲ್ಲಿ ಜರ್ಮನಿಯ ಒಂದು ಪ್ರಯೋಗ ಆಸೆ ಹುಟ್ಟಿಸಿತ್ತು. ಅದನ್ನು ಖಚಿತ ಮಾಡಲು ಯುರೋಪಿನಲ್ಲಿ ಬಾಮಿ ಅನ್ನೋ ದೊಡ್ಡ ಪ್ರಯೋಗಕ್ಕೆ 3000 ಜನ ಬೇಕಿತ್ತು, ಸಿಕ್ಕಿದ್ದು 375. 2020ರಲ್ಲಿ ವರದಿ ಬಂತು, ಲಾಭ ಇದೆ ಅಂತ ಹೇಳೋಕೆ ಆಗಲಿಲ್ಲ. ಇನ್ನು ಹೃದಯದಲ್ಲೇ ಸ್ಟೆಮ್ ಸೆಲ್ ಇದೆ ಅಂತ ವರ್ಷಗಟ್ಟಲೆ ಬರೆದ ಪಿಯೆರೊ ಆನ್ವರ್ಸಾ ಅವರ ಲ್ಯಾಬಿನ 31 ಲೇಖನಗಳನ್ನು ಹಿಂತೆಗೆಯಿರಿ ಅಂತ ಹಾರ್ವರ್ಡ್ ವೈದ್ಯಕೀಯ ಶಾಲೆಯೇ 2018ರಲ್ಲಿ ಪತ್ರಿಕೆಗಳನ್ನು ಕೇಳಿತು. ದತ್ತಾಂಶವೇ ತಿರುಚಿದ್ದು ಅಂತ ಅದರ ತೀರ್ಮಾನ.

ಎದೆ ನೋವು ಬಂದವರಿಗೆ ಬೇಕಾದ್ದು ಕೋಶ ಅಲ್ಲ, ಬೇಗ ಇಸಿಜಿ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಅಗತ್ಯ ಇದ್ದರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಇದೆ. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆ ಇದೆ. ಊರಲ್ಲಿ ಗ್ಯಾಸ್ ಅಂತ ಸೋಡಾ ಕುಡಿಸಿ ಕೂರಿಸೋ ಮೊದಲು ಇದು ನೆನಪಾಗಲಿ.

ಬೀಡಿ ಬಿಡದೆ ಇಂಜೆಕ್ಷನ್ ಯಾಕೆ?

2004ರಲ್ಲಿ ಜಪಾನಿನ ಸಂಶೋಧಕರು ಒಂದು ಸಣ್ಣ, ಸರಳ ಕೆಲಸ ಮಾಡಿದರು. ವರ್ಷಗಟ್ಟಲೆ ಸಿಗರೇಟು ಸೇದುತ್ತಿದ್ದ 15 ಜನಕ್ಕೆ ಅದನ್ನು ಬಿಡಿಸಿ, ರಕ್ತದಲ್ಲಿ ಪ್ರೊಜೆನಿಟರ್ ಕೋಶ ಎಷ್ಟಿವೆ ಅಂತ ಎಣಿಸಿದರು. ಬಿಟ್ಟ ಮೇಲೆ ಸಂಖ್ಯೆ ಬೇಗನೆ ಏರಿತು. ಮತ್ತೆ ಸೇದೋಕೆ ಶುರು ಮಾಡಿದ ಕೂಡಲೇ ಇಳಿದು ಮೊದಲಿದ್ದಲ್ಲಿಗೇ ಬಂತು. ಆ ಕೋಶಗಳು ಇಟ್ಟಿಗೆಯೋ ಮೇಸ್ತ್ರಿಯೋ ಅನ್ನೋ ಜಗಳ ಏನೇ ಇರಲಿ, ದೇಹ ತನ್ನ ರಿಪೇರಿ ಕೆಲಸಗಾರರನ್ನು ತಂಬಾಕಿನ ಎದುರು ಹೊರಗೆ ಕಳಿಸ್ತಿಲ್ಲ ಅನ್ನೋದು ಇಲ್ಲಿ ಕಣ್ಣಿಗೆ ಕಾಣತ್ತೆ.

ಬರ್ಜರ್ ಕಾಯಿಲೆಯಲ್ಲಂತೂ ತಂಬಾಕು ಪೂರ್ತಿ ಬಿಟ್ಟವರ ಕಾಲು ಉಳಿಯೋ ಸಾಧ್ಯತೆ ತುಂಬಾ ಹೆಚ್ಚು, ಬಿಡದವರಿಗೆ ಒಂದಾದ ಮೇಲೊಂದು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲ ಕೆಳಗೆ ಹೀಗೆ ಹೋಗ್ತಾನೇ ಇರತ್ತೆ. "ದಿನಕ್ಕ ಎರಡೇ ಸೇದತೇನಪಾ, ಮೊದಲ ಒಂದು ಕಟ್ಟ ಆಗತಿತ್ತು" ಅನ್ನೋ ಚೌಕಾಸಿ ಈ ಕಾಯಿಲೆ ಹತ್ತಿರ ನಡೆಯಲ್ಲ. ಬೈದರೂ ಪ್ರಯೋಜನ ಇಲ್ಲ. 30 ವರ್ಷದ ಚಟ, ಅದೂ ನೋವು ಮರೆಯೋಕೆ ಅಂತ ಮತ್ತೆ ಅದನ್ನೇ ಹಚ್ಚೋ ಮನುಷ್ಯ. ತಂಬಾಕು ಬಿಡಿಸೋ ರಾಷ್ಟ್ರೀಯ ಸಹಾಯವಾಣಿ 1800-112-356, ಕರೆ ಉಚಿತ. ನಂಬರ್ ಕಳಿಸಿ ಸುಮ್ಮನಾಗಬೇಡಿ, ಪಕ್ಕ ಕೂತು ನೀವೇ ಹಚ್ಚಿ ಕೊಡಿ.

ಪ್ಯಾಕೇಜ್ ಅಂದರೆ ಎಚ್ಚರ

ನಮ್ಮ ದೇಶದ ನಿಯಮ ಓದೋಕೆ ಬೇಜಾರು, ಆದರೆ ಗೊತ್ತಿದ್ದರೆ ಲಕ್ಷಾಂತರ ರೂಪಾಯಿ ಉಳಿಯತ್ತೆ. ಐಸಿಎಂಆರ್ 2017ರ ಮಾರ್ಗಸೂಚಿ ಪ್ರಕಾರ, ಅನುಮತಿ ಸಿಗದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಪ್ರಯೋಗದ ಚೌಕಟ್ಟಿನ ಹೊರಗೆ ಕೊಡೋದು ಅನೈತಿಕ. ಪ್ರಯೋಗ ಆಗಿದ್ದರೆ ಅದು ಸಿಟಿಆರ್‌ಐ ಅನ್ನೋ ಸರ್ಕಾರಿ ನೋಂದಣಿಯಲ್ಲಿ ಇರಬೇಕು. ನೋಂದಣಿ ಸಂಖ್ಯೆ ಕೇಳಿ, ಮೊಬೈಲ್‌ನಲ್ಲೇ ಹುಡುಕಬಹುದು. ಪ್ರಯೋಗ ಅಂತ ಹೇಳಿ ಆ ಚಿಕಿತ್ಸೆಗೆ ರೋಗಿಯಿಂದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಅನುಮತಿ ಇರೋ ಔಷಧ ಅಂದರೆ ಅದರ ಹೆಸರು, ಯಾವ ಕಾಯಿಲೆಗೆ ಅನುಮತಿ, ಎಷ್ಟು ಡೋಸ್, ಒಟ್ಟು ಖರ್ಚು ಎಲ್ಲಾ ಬರವಣಿಗೆಯಲ್ಲಿ ಕೊಡೋಕೆ ಆಸ್ಪತ್ರೆಗೆ ತೊಂದರೆ ಇರಬಾರದು. ಕೇಳಬೇಕಾದವರು ವ್ಯಾಸ್ಕುಲರ್ ಸರ್ಜನ್, "ರೀಜನರೇಟಿವ್ ಎಕ್ಸ್‌ಪರ್ಟ್" ಅಂತ ಬೋರ್ಡ್ ಹಾಕಿದ ಕ್ಲಿನಿಕ್ ಅಲ್ಲ. ಅವರನ್ನು ಮೊದಲು ಕೇಳಬೇಕಾದ್ದು ಸ್ಟೆಮ್ ಸೆಲ್ ಬಗ್ಗೆಯೂ ಅಲ್ಲ: ಬಲೂನು, ಸ್ಟೆಂಟ್, ಬೈಪಾಸ್ ಸಾಧ್ಯವೇ? ಸಾಧ್ಯ ಇದ್ದರೆ ಅದೇ ಮೊದಲು. ಅದು ಆಗಲ್ಲ, ತಂಬಾಕು ಬಿಟ್ಟಾಗಿದೆ, ಇನ್ನೂ ಕೊಳೆತು ಸೋಂಕು ಮೇಲೇರಿಲ್ಲ ಅಂದಾಗ ಕೋಶ ಔಷಧದ ಮಾತು ಬರತ್ತೆ. ಸೋಂಕು ಏರಿ ಜೀವಕ್ಕೇ ಅಪಾಯ ಇದ್ದರೆ ಕಾಲು ತೆಗೆಯೋದೇ ಸರಿ ಚಿಕಿತ್ಸೆ ಆಗಿರಬಹುದು. ಆಗ "ಇನ್ನೊಂದು ಕಡೆ ತೋರಿಸೋಣ" ಅಂತ ವಾರ ಕಳೆದರೆ ಮೊಣಕಾಲ ಕೆಳಗೆ ನಿಲ್ಲಬೇಕಿದ್ದು ಮೇಲೆ ಹೋಗತ್ತೆ.

ಇಷ್ಟೆಲ್ಲಾ ಆಗೋ ಮೊದಲೇ ಮಾಡಿಸಬಹುದಾದ ಒಂದು ಅಗ್ಗದ ಪರೀಕ್ಷೆ ಇದೆ, ಎಬಿಐ ಅಂತ. ತೋಳಿನ ಬಿಪಿ ಮತ್ತು ಕಣಕಾಲಿನ ಬಿಪಿ ನೋಡಿ ಭಾಗಿಸೋದು, ಸೂಜಿಯಿಲ್ಲ, ನೋವಿಲ್ಲ. 0.9ಕ್ಕಿಂತ ಕಮ್ಮಿ ಬಂದರೆ ನಾಳದಲ್ಲಿ ತೊಂದರೆ ಶುರುವಾಗಿದೆ ಅಂತ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ನಾಳ ಗಟ್ಟಿಯಾಗಿ ಈ ಅಂಕಿ ಸುಳ್ಳಾಗಿ ಹೆಚ್ಚು ತೋರಿಸಬಹುದು, ಆಗ ಡಾಪ್ಲರ್ ಸ್ಕ್ಯಾನ್ ಬೇಕಾಗತ್ತೆ. ಹಬ್ಬಕ್ಕೆ ಊರಿಗೆ ಹೋದಾಗ ಬೀಡಿ ಸೇದೋ, ಸಕ್ಕರೆ ಇರೋ ಹಿರಿಯರನ್ನು ವಿಜಯಪುರಕ್ಕೆ ಕರ್ಕೊಂಡು ಹೋಗಿ ಇದನ್ನು ಮಾಡಿಸಿ. ರಿಪೋರ್ಟ್ ಫೋಟೊ ತೆಗೆಯುವಾಗ ಎರಡೂ ಕಾಲಿನ ಅಂಕಿ ಕಾಣೋ ಹಾಗೆ ತೆಗೀರಿ. ಒಂದು ಕಾಲು ಸರಿಯಿದ್ದು ಇನ್ನೊಂದು ಮಾತ್ರ ಕೆಟ್ಟಿರೋದು ಬಹಳ ಸಲ ಇರತ್ತೆ.